ಗದರಿಕೆಯಿಂದ ಆಲಸ್ಯ ಹೋಗದು: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ಪ್ರಾರ್ಥನೆಗೂ ಬೈಬಲ್ ಓದಿಗೂ ಮನಸ್ಸು ಬಾರದ ಸ್ಥಿತಿಯ ಬಗ್ಗೆ ನೀವು ಬರೆದ ‘ಆತ್ಮಿಕ ಆಲಸ್ಯವನ್ನು ಜಯಿಸುವುದು ಹೇಗೆ?’ ಎಂಬ ಲೇಖನ ಓದಿದೆವು. ಈಗಿನ ರೂಪದಲ್ಲಿ ಪ್ರಕಟಿಸಲಾರೆವು. ಆದರೆ ವಿಷಯ ಬೇಕಾದದ್ದು, ನಿಮ್ಮ ಭಾಷೆ ತಿಳಿಯಾಗಿದೆ. ನೀವು ತಿದ್ದಿ ಕಳಿಸುವಿರೆಂಬ ಆಸೆಯಿಂದಲೇ ಮುಲಾಜಿಲ್ಲದೆ ಬರೆಯುತ್ತಿದ್ದೇವೆ.

ಹನ್ನೆರಡು ಪ್ಯಾರಾಗಳಲ್ಲಿ ಹತ್ತು ಗದರಿಕೆಗೇ ಹೋಗಿವೆ. ಬೈಬಲಿನ ಜ್ಞಾನೋಕ್ತಿಗಳಲ್ಲಿ ಸೋಮಾರಿಗೆ ಪಾಠ ಹೇಳುವ ಇರುವೆ, ಬಿಸಿಯೂ ಅಲ್ಲದೆ ತಣ್ಣಗೂ ಇಲ್ಲದೆ ಉಗುರುಬೆಚ್ಚಗಿದ್ದ ಲವೊದಿಕೀಯ ಊರಿನ ಕ್ರೈಸ್ತ ಸಭೆ, ಯಜಮಾನ ಕೊಟ್ಟ ಹಣವನ್ನು ದುಡಿಸದೆ ಹೂತಿಟ್ಟ ಮತ್ತಾಯ 25ರ ಮೈಗಳ್ಳ ಆಳು ಸಾಲಾಗಿ ಬಂದು, ಕೊನೆಗೆ ‘ಎಚ್ಚೆತ್ತುಕೊಳ್ಳಿ’ ಎಂಬ ಮಾತು. ಬೈಬಲಿನತ್ತ ಕೈ ಹೋಗದ ಬೆಳಗಿನಲ್ಲಿ ಓದುಗ ಏನು ಮಾಡಬೇಕೆಂದು ಎಲ್ಲಿಯೂ ಹೇಳಿಲ್ಲ.

ಆ ಆಳಿನ ಕಥೆಯನ್ನೇ ಇನ್ನೊಮ್ಮೆ ಓದಿ. ಯಜಮಾನ ಅವನನ್ನು ಮೈಗಳ್ಳ ಎನ್ನುವುದು 26ನೆಯ ವಚನದಲ್ಲಿ. ಅದಕ್ಕೂ ಮೊದಲಿನ ಎರಡು ವಚನಗಳಲ್ಲಿ ಆಳು ತಾನೇ ಕಾರಣ ಹೇಳುತ್ತಾನೆ: ನೀನು ಕಠಿಣ ಮನುಷ್ಯನೆಂದು ತಿಳಿದಿದ್ದೆ, ಹೆದರಿ ತಲಾಂತನ್ನು (ನೀನು ಕೊಟ್ಟ ಹಣವನ್ನು) ನೆಲದಲ್ಲಿ ಬಚ್ಚಿಟ್ಟೆ. ಅವನ ಕೈ ಕಟ್ಟಿಹಾಕಿದ್ದು ಯಜಮಾನನ ಬಗ್ಗೆ ಅವನ ಮನಸ್ಸಿನಲ್ಲಿದ್ದ ಚಿತ್ರ. ನಿಮ್ಮ ಹತ್ತು ಪ್ಯಾರಾಗಳೂ ಅದೇ ಚಿತ್ರವನ್ನು ಓದುಗನ ಮುಂದಿಡುತ್ತವೆ. ಹೆದರಿದವನು ಇನ್ನೂ ಆಳವಾಗಿ ಗುಂಡಿ ತೋಡುತ್ತಾನೆ. ನಮ್ಮ ದೊಡ್ಡ ತಕರಾರು ಇದೇ. ಇಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯ ನೋಡಿ: ‘ಮಂದಮತಿಗಳಾಗಬೇಡಿ’ ಎಂಬ ಎಚ್ಚರಿಕೆ 12ನೆಯ ವಚನದಲ್ಲಿದೆ; ನಿಮ್ಮ ಪ್ರೀತಿಯನ್ನು ದೇವರು ಮರೆಯುವವನಲ್ಲ ಎಂಬ ಭರವಸೆ 10ನೆಯದರಲ್ಲೇ ಬಂದಾಗಿದೆ. ನಿಮ್ಮ ಲೇಖನವೂ ಈ ಕ್ರಮ ಹಿಡಿಯಲಿ.

ಎರಡನೆಯದು, ನೀವು ಎಲ್ಲವನ್ನೂ ಒಂದೇ ಆಲಸ್ಯವೆಂದು ಕರೆದಿದ್ದೀರಿ. ‘ನನ್ನ ಪ್ರಾಣ ತೆಗೆದುಬಿಡು’ ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ಉಣ್ಣಿಸಿದ (1 ಅರಸುಗಳು 19). ದಣಿದವನಿಗೆ ಬೇಕಾದದ್ದು ನಿದ್ದೆ, ಊಟ. ವಾರಗಟ್ಟಲೆ ನಿದ್ದೆ, ಹಸಿವು, ಆಸೆ ಎಲ್ಲವೂ ಬತ್ತಿದ್ದರೆ ವೈದ್ಯರನ್ನು ಕಾಣಬೇಕು. ಅದನ್ನು ಪಾಪವೆಂದು ಬರೆಯಬೇಡಿ. ಇದಕ್ಕೆ ತೀರ ಬೇರೆಯಾದದ್ದು 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ‘ನಡುಹಗಲಿನ ದೆವ್ವ’ ಎಂದು ಕರೆದ ಬಾಧೆ: ಹಗಲು ಐವತ್ತು ಗಂಟೆಯಷ್ಟು ಉದ್ದವೆನಿಸುತ್ತದೆ, ಕಣ್ಣು ಪದೇ ಪದೇ ಕಿಟಕಿಗೆ ಹೋಗುತ್ತದೆ, ಇರುವ ಜಾಗವೇ ಬೇಡವಾಗುತ್ತದೆ. ಇದು ತೂಕಡಿಕೆಯಲ್ಲ, ಚಡಪಡಿಕೆ. ಸಭೆಯ ಎಲ್ಲ ಕೆಲಸಕ್ಕೂ ಓಡುತ್ತಾ ಹತ್ತು ನಿಮಿಷ ಒಬ್ಬನೇ ಪ್ರಾರ್ಥನೆಗೆ ಕೂರಲಾಗದವನಿಗೂ ಇದೇ ಕಾಯಿಲೆ ಇರಬಹುದು. ನಿಮ್ಮ ಲೇಖನದಲ್ಲಿ ಅವನ ಸುಳಿವೇ ಇಲ್ಲ.

ಇನ್ನು ‘ದಿನವೂ ವಾಕ್ಯ ಓದಿ’ ಎಂಬ ಸಾಲು. ಲೆಕ್ಕ ಹಾಕಿ ಬರೆಯಿರಿ. ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು. ಮೊದಲ ಎರಡು ಪುಸ್ತಕಗಳಾದ ಆದಿಕಾಂಡ, ವಿಮೋಚನಕಾಂಡ ಸೇರಿ 90 ಅಧ್ಯಾಯ. ಜನವರಿ ಒಂದಕ್ಕೆ ಆರಂಭಿಸಿದವನು ತಿಂಗಳ ಕೊನೆಗೆ ಯಾಜಕಕಾಂಡದ ಬಲಿವಿಧಿಗಳಿಗೆ ಬಂದಿರುತ್ತಾನೆ. ಅಲ್ಲಿ ಮೂರು ದಿನ ತಪ್ಪಿದರೆ ನಾಲ್ಕನೆಯ ದಿನ 13 ಅಧ್ಯಾಯ ಬಾಕಿ. ಆ ಬಾಕಿಯ ಭಾರಕ್ಕೇ ಪುಸ್ತಕ ಮುಚ್ಚುತ್ತದೆ. ತಪ್ಪಿದ್ದನ್ನು ಬಿಟ್ಟು ಇಂದಿನ ಪಾಲನ್ನು ಮಾತ್ರ ಓದಲು ಹೇಳಿ. ಹೊಸದಾಗಿ ಎದ್ದು ಕೂರುವವನಿಗೆ ಮಾರ್ಕನ ಸುವಾರ್ತೆ ಕೊಡಿ: ದಿನಕ್ಕೊಂದು ಅಧ್ಯಾಯ, 16 ದಿನ.

ಪ್ರಾರ್ಥನೆಗೆ ಮಾತೇ ಹುಟ್ಟದಿದ್ದರೆ 42ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಲಿ. ಅದು ಕುಗ್ಗಿದ ಮನಸ್ಸನ್ನೇ ಮಾತಾಡಿಸುವ ಕೀರ್ತನೆ. ಹೊತ್ತು, ಜಾಗ ಒಂದೇ ಇರಲಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ವಾರಕ್ಕೊಮ್ಮೆ ‘ಹೇಗೆ ನಡೆದಿದೆ?’ ಎಂದು ಕೇಳುವ ಒಬ್ಬ ವಿಶ್ವಾಸಿ ಸಾಕು.

‘ಮೊದಲು ಉತ್ಸಾಹ ಬರಲಿ, ಆಮೇಲೆ ಶಿಸ್ತು ತಾನಾಗಿ ಬರುತ್ತದೆ’ ಎಂದು ಎಂಟನೆಯ ಪ್ಯಾರಾದಲ್ಲಿ ಬರೆದಿದ್ದೀರಿ. ಇದನ್ನು ತೆಗೆಯಿರಿ. ಮೊದಲಿನ ಪ್ರೀತಿ ಬಿಟ್ಟ ಎಫೆಸ ಸಭೆಗೆ ಕರ್ತನು ಹೇಳಿದ್ದು (ಪ್ರಕಟನೆ 2:5): ನೆನಪಿಸಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದ ಕೆಲಸಗಳನ್ನು ಮಾಡು. ಮೊದಲಿನ ಉತ್ಸಾಹ ಮರಳುವ ತನಕ ಕಾದಿರು ಎಂದಲ್ಲ.

ಆಸಕ್ತಿಯಲ್ಲಿ ಆಲಸ್ಯ ಬೇಡ ಎನ್ನುವ ರೋಮಾಪುರದವರಿಗೆ 12:11ನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ. ಮುಂದಿನ ವಚನದ ನಿರೀಕ್ಷೆಯನ್ನೂ ಸೇರಿಸಿ. ಎರಡರಿಂದ ಐದನೆಯವರೆಗಿನ ಪ್ಯಾರಾಗಳು ಪೂರ್ತಿ ಹೋಗಲಿ. ದಣಿದವನು, ಚಡಪಡಿಸುವವನು, ಹೆದರಿದವನು ಈ ಮೂವರಲ್ಲಿ ಒಬ್ಬನನ್ನು ಆರಿಸಿಕೊಂಡು, ಅವನೊಬ್ಬನಿಗಾಗಿ ಆರುನೂರು ಪದಗಳಲ್ಲಿ ಬರೆದು ಕಳಿಸಿ.

— ಸಂಪಾದಕರು