ಡ್ಯೂಕ್ ಕ್ಯಾಲಿಪರ್ ಕೊಳ್ಳುವ ಮುನ್ನ ನಿಮ್ಮ ಹಳೆಯದನ್ನು ಬಿಚ್ಚಿ ನೋಡಿ

ನಿಮ್ಮ 150 ಸಿಸಿ ಬೈಕಿನ ಮುಂದಿನ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಕೆಟಿಎಂ ಡ್ಯೂಕ್ 390ರ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡ್‌ಗಳಿಂದ ಅದುಮಿ ಹಿಡಿಯುವ ಭಾಗ) ಕೂರಿಸಲು ಯಾವ ಬ್ರಾಕೆಟ್ ಬೇಕು ಎಂದು ಕೇಳಿದ್ದೀರಿ. ಬ್ರಾಕೆಟ್ ದೊಡ್ಡ ಮಾತಲ್ಲ, ಒಳ್ಳೆಯ ಲೇತ್ ಕೆಲಸಗಾರರು ಮಾಡಿಕೊಡುತ್ತಾರೆ. ನಾನೂ ಮಾಡಿಸಿದ್ದೆ. ಆದರೂ ನನ್ನ ಉತ್ತರ, ಆ ಕೆಲಸಕ್ಕೆ ಕೈ ಹಾಕಬೇಡಿ ಎಂದೇ.

ನನ್ನದು ಹಳೆಯ ಯಮಹಾ ಎಫ್‌ಜೆಡ್. ಆಗ ಹಾಸನದಲ್ಲಿ ಕೆಲಸ, ಮನೆ ಬೆಳ್ತಂಗಡಿಯ ಕಡೆ. ಊರಿಗೆ ಹೋಗುವಾಗಲೆಲ್ಲ ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿಯಬೇಕಿತ್ತು. ಇಳಿಜಾರಿನಲ್ಲಿ ಲಿವರ್ ಎಷ್ಟು ಒತ್ತಿದರೂ ಬೈಕ್ ತನ್ನ ಪಾಡಿಗೆ ತಾನು ಜಾರುತ್ತಲೇ ಇರುತ್ತಿತ್ತು. ಇದಕ್ಕೆ ದೊಡ್ಡ ಕ್ಯಾಲಿಪರ್ ಒಂದೇ ಮದ್ದು ಎಂದು ತೀರ್ಮಾನಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದು ಡ್ಯೂಕ್‌ನಿಂದ ಕಳಚಿದ ನಾಲ್ಕು ಪಿಸ್ಟನ್ನಿನ ಬೈಬ್ರೆ ಕ್ಯಾಲಿಪರ್ ತಂದೆ. ಅದು ರೇಡಿಯಲ್ ಮಾದರಿಯದು, ಬೋಲ್ಟ್‌ಗಳು ಹಿಂದಿನಿಂದ ಕೂರುತ್ತವೆ. ಮುಂದಿನ ಚಕ್ರವನ್ನು ಹಿಡಿದಿರುವ ನನ್ನ ಫೋರ್ಕಿನಲ್ಲಿ ಬೋಲ್ಟ್ ಬರುವುದು ಪಕ್ಕದಿಂದ. ಆ ಡ್ಯೂಕ್‌ನ ಡಿಸ್ಕ್ 300 ಮಿ.ಮೀ., ನನ್ನದು 267. ಈ ಎರಡು ವ್ಯತ್ಯಾಸಗಳನ್ನೂ ಬ್ರಾಕೆಟ್‌ನಲ್ಲೇ ಸರಿದೂಗಿಸಬೇಕಿತ್ತು. ಅಳತೆಯೆಲ್ಲ ನಾನೇ ತೆಗೆದೆ. ಪ್ಯಾಡ್ ಡಿಸ್ಕಿನ ಅಂಚಿಗೆ ಕೂದಲೆಳೆಯೂ ಹೊರಗೆ ಉಳಿಯದಂತೆ ಬಂದು ಕೂತಿತು.

ಎಡವಿದ್ದು ಬ್ಯಾಂಜೊ ಬೋಲ್ಟ್‌ನಲ್ಲಿ. ಬ್ರೇಕ್ ಹೋಸನ್ನು ಕ್ಯಾಲಿಪರ್‌ಗೆ ಜೋಡಿಸುವ, ನಡುವೆ ಟೊಳ್ಳಿರುವ ಬೋಲ್ಟ್ ಅದು. ಹಳೆಯ ಬೋಲ್ಟ್ ಚೆನ್ನಾಗಿಯೇ ಇತ್ತು, ಹೊಸ ಕ್ಯಾಲಿಪರ್‌ಗೂ ಅದನ್ನೇ ಹಾಕಿದೆ. ಎರಡೂ 10 ಮಿ.ಮೀ. ದಪ್ಪದವೇ, ಕಣ್ಣಿಗೆ ಒಂದೇ. ಆದರೆ ಜಪಾನಿ ಪದ್ಧತಿಯ ಕ್ಯಾಲಿಪರ್‌ಗಳಲ್ಲಿ ಥ್ರೆಡ್‌ನ ಏಣುಗಳ ನಡುವಿನ ಅಂತರ ಸಾಮಾನ್ಯವಾಗಿ 1.25 ಮಿ.ಮೀ.; ಬ್ರೆಂಬೊ ಮತ್ತು ಅದರ ಬಳಗದ ಬೈಬ್ರೆಯಲ್ಲಿ 1.0 ಮಿ.ಮೀ.

ಕಾಲು ಮಿಲಿಮೀಟರಿನಿಂದ ಏನಾಗುತ್ತದೆ ಎನ್ನಬೇಡಿ. ಪ್ರತಿ ಸುತ್ತಿಗೂ ಬೋಲ್ಟ್ ಮತ್ತು ತೂತಿನ ನಡುವೆ ಕಾಲು ಮಿಲಿಮೀಟರ್ ತಪ್ಪುತ್ತಾ ಹೋಗುತ್ತದೆ. ಎರಡನೇ ಸುತ್ತಿಗೆ ಅರ್ಧ ಮಿ.ಮೀ. ತಪ್ಪಿ, ಬೋಲ್ಟಿನ ಏಣು ತೂತಿನ ಏಣಿನ ಮೇಲೆಯೇ ಬಂದು ಕೂರುತ್ತದೆ. ಬೋಲ್ಟ್ ಉಕ್ಕು, ಕ್ಯಾಲಿಪರ್ ಅಲ್ಯೂಮಿನಿಯಂ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಉಕ್ಕು ಅಲ್ಯೂಮಿನಿಯಮ್ಮನ್ನು ಕೆರೆದುಕೊಂಡು ಒಳಗೆ ಇಳಿಯುತ್ತದೆ. ಬೆರಳಿಗೆ ಬಿಗಿಯಾದಾಗ ಹಳೆಯ ತೂತಿನಲ್ಲಿ ಕೊಳೆ ಇರಬೇಕು ಎಂದುಕೊಂಡು ಸ್ಪ್ಯಾನರ್ ಎತ್ತಿಕೊಂಡೆ.

ನಾನು ನಿಮಗೆ ಒತ್ತಿ ಹೇಳಬೇಕಾದದ್ದು ಈ ಬಿಗಿಯ ವಿಷಯವನ್ನೇ. ಸರಿಯಾದ ಬೋಲ್ಟ್ ತಲೆ ವಾಷರ್ ಮುಟ್ಟುವವರೆಗೂ ಬೆರಳಿನಲ್ಲೇ ಸಲೀಸಾಗಿ ಇಳಿಯಬೇಕು. ಅಲ್ಲಿಂದ ಮುಂದೆ ಬರುವ ಬಿಗಿ ತಾಮ್ರದ ವಾಷರ್ ಅದುಮಿಕೊಳ್ಳುವುದರಿಂದ ಬರಬೇಕು. ಸೋರದಂತೆ ತಡೆಯುವುದು ಆ ಅದುಮುವಿಕೆಯೇ. ನನ್ನ ಬೋಲ್ಟಿನ ಬಿಗಿ ಬಂದಿದ್ದು ಥ್ರೆಡ್ ಕೆರೆದದ್ದರಿಂದ, ವಾಷರ್‌ನ ಮೇಲೆ ಒತ್ತಡವೇ ಬಿದ್ದಿರಲಿಲ್ಲ. ಟಾರ್ಕ್ ರೆಂಚ್ ಬಳಸಿದ್ದರೂ ತಿಳಿಯುತ್ತಿರಲಿಲ್ಲ. ಬಿಗಿ ಎಷ್ಟೆಂದು ಅದು ಹೇಳೀತೇ ಹೊರತು ಎಲ್ಲಿಂದ ಬಂತೆಂದು ಹೇಳಲಾರದು.

ಬ್ರೇಕ್ ಆಯಿಲಿನಲ್ಲಿ ಸೇರಿದ್ದ ಗಾಳಿ ತೆಗೆದೆ, ಲಿವರ್ ಗಟ್ಟಿಯಾಯಿತು. ಹಾಸನದ ಬೀದಿಗಳಲ್ಲಿ ಬ್ರೇಕ್ ಅದ್ಭುತವಾಗಿ ಹಿಡಿಯಿತು. ತಮ್ಮನನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೊರಟೆ. ಘಾಟಿಗೆ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಂತಾಗ ಫೋರ್ಕಿನ ಬುಡ ಒದ್ದೆಯಾಗಿದ್ದು ಕಂಡಿತು. ಮಳೆ ಹನಿಯುತ್ತಿತ್ತು, ಬೈಕೆಲ್ಲ ಒದ್ದೆಯೇ. ಆದರೆ ಅಲ್ಲಿ ಮಾತ್ರ ಬಣ್ಣ ಗುಳ್ಳೆ ಎದ್ದಿತ್ತು. ಮುಟ್ಟಿದರೆ ಬೆರಳಿಗೆ ಜಿಡ್ಡು. ಬಣ್ಣವನ್ನು ಹಾಗೆ ಎಬ್ಬಿಸುವುದು ಸಾಮಾನ್ಯವಾಗಿ ಬ್ರೇಕ್ ಆಯಿಲೇ. ತಮ್ಮನಿಗೆ ಲಿವರ್ ಒತ್ತಿ ಹಿಡಿಯಲು ಹೇಳಿ ಬಗ್ಗಿ ನೋಡಿದೆ. ತಾಮ್ರದ ವಾಷರ್‌ನ ಅಂಚಿನಿಂದ ಒಂದು ಹನಿ ಮೆಲ್ಲಗೆ ಉಬ್ಬಿ, ಡಿಸ್ಕಿನ ಮೇಲೆ ಜಾರಿತು. ಬೋಲ್ಟನ್ನು ಬೆರಳಿನಿಂದ ಅಲುಗಿಸಿದರೆ ಅಲುಗಿತು. ಅಲ್ಲಿ ನಿಲ್ಲದೆ ಇಳಿದಿದ್ದರೆ ಮುಂದಿನ ತಿರುವುಗಳಲ್ಲಿ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಇಂದಿಗೂ ಕೈ ತಣ್ಣಗಾಗುತ್ತದೆ. ಬೈಕನ್ನು ಪಿಕಪ್ ಗಾಡಿಗೆ ಹಾಕಿಸಿ ವಾಪಸ್ ತಂದೆವು. ಕ್ಯಾಲಿಪರ್‌ನ ಥ್ರೆಡ್ ಪುಡಿಯಾಗಿತ್ತು, ಪ್ಯಾಡ್‌ಗಳು ಎಣ್ಣೆ ಕುಡಿದಿದ್ದವು. ಹಾಕಿದ ದುಡ್ಡೆಲ್ಲ ನೀರುಪಾಲು.

ಬೇರೆ ದಾರಿಯಿಲ್ಲದೆ ಹಳೆಯ ಕ್ಯಾಲಿಪರನ್ನೇ ಹಾಕಲು ತೆಗೆದುಕೊಂಡಾಗ ನಿಜ ಗೊತ್ತಾಯಿತು. ಅದು ಪಿನ್‌ಗಳ ಮೇಲೆ ಅತ್ತಿತ್ತ ಸರಿಯಬೇಕಾದ ಕ್ಯಾಲಿಪರ್. ಒಂದು ಪಿನ್ ತುಕ್ಕು ಹಿಡಿದು ಅಲ್ಲಾಡುತ್ತಲೇ ಇರಲಿಲ್ಲ. ಪಿಸ್ಟನ್ ಕಡೆಯ ಪ್ಯಾಡ್ ತಗಡಿನವರೆಗೆ ಸವೆದಿತ್ತು, ಎದುರಿನದು ಹೆಚ್ಚುಕಡಿಮೆ ಹೊಸದರಂತಿತ್ತು. ಅಂದರೆ ಇಷ್ಟು ದಿನ ಅರ್ಧ ಬ್ರೇಕ್‌ನಲ್ಲೇ ಘಾಟಿ ಇಳಿದಿದ್ದೆ. ಪಿನ್ ಉಜ್ಜಿ, ಹೊಸ ರಬ್ಬರ್ ಹಾಕಿ, ಸಿಲಿಕೋನ್ ಗ್ರೀಸ್ ಹಚ್ಚಿದೆ (ಮಾಮೂಲಿ ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬಿಕೊಳ್ಳುತ್ತದೆ). ಹೊಸ ಪ್ಯಾಡ್, ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿದೆ. ಅದೇ ಘಾಟಿ, ಅದೇ ಡಿಸ್ಕ್. ಎರಡು ಬೆರಳಿನಲ್ಲಿ ಬೈಕ್ ನಿಲ್ಲತೊಡಗಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬ್ರೇಕ್ ದುರ್ಬಲವಾಗಿದ್ದರೆ ಕ್ಯಾಲಿಪರ್ ಚಿಕ್ಕದು ಎಂದು ಏಕೆ ಭಾವಿಸುತ್ತೀರಿ? ಹೊಸದರಲ್ಲಿ ಅದೇ ಕ್ಯಾಲಿಪರ್ ಬೈಕನ್ನು ನಿಲ್ಲಿಸುತ್ತಿತ್ತಲ್ಲವೇ? ಆಯಿಲನ್ನೇ ನೋಡಿ. ಮಳೆಗಾಲದ ಉಪ್ಪಿನ ಭರಣಿಯ ಹಾಗೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ್ದಕ್ಕೆ ಆ ಮಿತಿ 155 ಡಿಗ್ರಿ. ಉದ್ದದ ಇಳಿಜಾರಿನಲ್ಲಿ ಹಳೆಯ ಆಯಿಲ್ ಕುದಿದು ಆವಿಯಾದರೆ ಯಾವ ಕ್ಯಾಲಿಪರ್ ಇದ್ದರೂ ಲಿವರ್ ಮೆತ್ತಗಾಗುತ್ತದೆ.

ಬೈಕ್ 2019ರ ಏಪ್ರಿಲ್ ನಂತರದ್ದಾಗಿದ್ದರೆ ಅದರಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುತ್ತದೆ, ಅದನ್ನು ಹೊಂದಿಸಿರುವುದು ಮೂಲ ಕ್ಯಾಲಿಪರ್‌ಗೆ. ಅದನ್ನು ಕೆಣಕಲೇಬೇಡಿ. ಎಬಿಎಸ್ ಇಲ್ಲದ ಬೈಕ್, ಎಲ್ಲ ಸರಿಮಾಡಿದರೂ ಸಾಲದು ಎಂದಾದರೆ ಮಾತ್ರ ಬದಲಾವಣೆಗೆ ಹೋಗಿ. ಆಗ ಲಿವರ್ ಒತ್ತಿದಾಗ ಆಯಿಲನ್ನು ತಳ್ಳುವ, ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರ್ ಕೂಡ ಹೊಸ ಕ್ಯಾಲಿಪರ್‌ಗೆ ತಕ್ಕದ್ದಿರಬೇಕು, ಚಿಕ್ಕದಾದರೆ ಲಿವರ್ ಹಿಡಿಕೆ ಮುಟ್ಟುತ್ತದೆ. ಬ್ಯಾಂಜೊ ಬೋಲ್ಟನ್ನು ಕ್ಯಾಲಿಪರ್ ಜೊತೆಗೇ ಕೇಳಿ ತನ್ನಿ, ವಾಷರ್ ಎರಡೂ ಹೊಸದಿರಲಿ. ಅನುಮಾನವಿದ್ದರೆ ಬೋಲ್ಟಿಗೆ ಸ್ಕೇಲ್ ಇಟ್ಟು ಎಣಿಸಿ: ಒಂದು ಸೆಂಟಿಮೀಟರಿನಲ್ಲಿ ಹತ್ತು ಏಣು ಇದ್ದರೆ 1.0, ಎಂಟಿದ್ದರೆ 1.25.

ಮೊದಲು ಕ್ಯಾಲಿಪರ್ ಬಿಚ್ಚಿ ಎರಡೂ ಪ್ಯಾಡ್‌ಗಳ ದಪ್ಪ ಅಳೆದು, ಪಿನ್‌ಗಳು ಕೈಯಲ್ಲಿ ಸರಿಯುತ್ತವೆಯೇ ನೋಡಿ ಇಲ್ಲಿ ಬರೆಯಿರಿ. ಬೈಕ್ ಯಾವುದು, ಆಯಿಲ್ ಬದಲಿಸಿ ಎಷ್ಟು ಕಾಲವಾಯಿತು ಎಂಬುದನ್ನೂ ಸೇರಿಸಿ.