ಓದುಗರ ಪ್ರಶ್ನೆ: ಹ್ಯಾಮ್ ಪೊಟ್ಟಣದಲ್ಲಿ ಮಾಂಸವೆಷ್ಟು, ನೀರೆಷ್ಟು?

ಪ್ರಶ್ನೆ: ನಾವು ಬೆಳಗಾವಿಯ ಕ್ಯಾಂಪ್ ಪ್ರದೇಶದವರು. ಕ್ರಿಸ್‌ಮಸ್ ಸಮೀಪಿಸಿದಾಗ ಗೋವಾದ ಬೀಗರ ಮನೆಯಿಂದ ಚೊರೀಸ್ (ಹಂದಿ ಮಾಂಸದ ಖಾರದ ಸಾಸೇಜ್) ಸರ ಬರುವುದು ನಮ್ಮಲ್ಲಿ ವಾಡಿಕೆ. ಈ ಸಲ ಬೀಗರೇ ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದಾರೆ. ಅವರಿಗೆ ಹ್ಯಾಮ್ ಬಡಿಸೋಣವೆಂದು ಸೂಪರ್‌ಮಾರ್ಕೆಟ್ಟಿಗೆ ಹೋದರೆ ಒಂದೇ ಫ್ರಿಜ್ಜಿನಲ್ಲಿ 250 ಗ್ರಾಂಗೆ 230 ರೂಪಾಯಿಯದು, 200 ಗ್ರಾಂಗೆ 240 ರೂಪಾಯಿಯದು ಮತ್ತು ಇಟಲಿಯಿಂದ ಬಂದ 80 ಗ್ರಾಂಗೆ 720 ರೂಪಾಯಿಯದು, ಹೀಗೆ ಮೂರು ಪೊಟ್ಟಣಗಳಿದ್ದವು. ಮೂರೂ ಹ್ಯಾಮೇ ಎಂದು ಅಂಗಡಿಯ ಹುಡುಗ ಹೇಳಿದ. ಇಷ್ಟು ಅಂತರ ಏಕೆ? ಯಾವುದನ್ನು ಕೊಂಡರೆ ಕೊಟ್ಟ ಹಣಕ್ಕೆ ನ್ಯಾಯ ಸಿಗುತ್ತದೆ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಅಂಗಡಿಯ ಹುಡುಗ ಹೇಳಿದ್ದು ಸುಳ್ಳಲ್ಲ, ಆದರೆ ಹ್ಯಾಮ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಪದಾರ್ಥಗಳು ಮಾರಾಟವಾಗುತ್ತಿವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಹ್ಯಾಮ್ ಎಂದರೆ ಮೂಲತಃ ಹಂದಿಯ ಹಿಂದೊಡೆಯ ಮಾಂಸ. ಅದಕ್ಕೆ ಉಪ್ಪು ಸವರಿ, ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕಿ ಒಣಗಿಸಿದರೆ ಅದು ಇಟಲಿಯ ಪ್ರೊಶುಟ್ಟೊ ಅಥವಾ ಸ್ಪೇನಿನ ಹಾಮೋನ್ ಆಗುತ್ತದೆ. ಅದೇ ಮಾಂಸಕ್ಕೆ ಸೂಜಿಗಳ ಮೂಲಕ ಉಪ್ಪುನೀರು ಹೊಗಿಸಿ, ಉರುಳುವ ಪೀಪಾಯಿಯಲ್ಲಿ ಹೊರಳಾಡಿಸಿ, ಅಚ್ಚಿಗೆ ಒತ್ತಿ ಬೇಯಿಸಿದರೆ ಅದು ಬೇಯಿಸಿದ ಹ್ಯಾಮ್. ನಮ್ಮ ಊರುಗಳ ಸೂಪರ್‌ಮಾರ್ಕೆಟ್ಟುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಈ ಎರಡನೆಯದು. ಮೊದಲನೆಯದರಲ್ಲಿ ತೊಡೆಯ ತೂಕದ ಸುಮಾರು ಮೂರನೇ ಒಂದು ಭಾಗ ನೀರಾಗಿ ಹೋಗುತ್ತದೆ. ಎರಡನೆಯದರಲ್ಲಿ ತೂಕ ಹೆಚ್ಚುವಂತೆ ನೀರನ್ನು ಸೇರಿಸಲೂಬಹುದು. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಿಲೋ ಕುಂದಾದ ಬೆಲೆಯನ್ನು ಒಂದು ಲೀಟರ್ ಹಾಲಿನ ಬೆಲೆಯೊಂದಿಗೆ ಯಾರೂ ಹೋಲಿಸುವುದಿಲ್ಲ, ಏಕೆಂದರೆ ಹಾಲು ಬತ್ತಿ ಬತ್ತಿ ಕುಂದಾ ಆಗಿದೆ ಎಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ 720 ರೂಪಾಯಿಯ ಪೊಟ್ಟಣವನ್ನು ಉಳಿದೆರಡರ ಜೊತೆ ತೂಗಿ ನೋಡುವುದನ್ನು ಬಿಡಿ. ಒಣಗುವಾಗ ಕಳೆದುಹೋದ ತೂಕ, ಒಣಗಲು ಕಾಯ್ದ ಕಾಲದ ಖರ್ಚು, ಆಮದಿನ ಸುಂಕ ಮತ್ತು ದಾರಿಯುದ್ದಕ್ಕೂ ತಂಪಾಗಿಟ್ಟ ಖರ್ಚು ಅದರಲ್ಲಿ ಸೇರಿವೆ.

ನಿಜವಾದ ಹೋಲಿಕೆ ಉಳಿದೆರಡು ಪೊಟ್ಟಣಗಳ ನಡುವಿನದು. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಪ್ರತಿ ಗ್ರಾಂ ದರವನ್ನೂ ಮುದ್ರಿಸಬೇಕೆಂಬ ನಿಯಮ ಈಗ ಇದೆ. ನಿಮ್ಮ ಮೊದಲ ಪೊಟ್ಟಣ ಗ್ರಾಂಗೆ 92 ಪೈಸೆ, ಎರಡನೆಯದು 1 ರೂಪಾಯಿ 20 ಪೈಸೆ. ಇಷ್ಟಕ್ಕೇ ನಿಂತರೆ ಮೊದಲನೆಯದೇ ಅಗ್ಗವೆನ್ನಿಸುತ್ತದೆ. ನಿಮ್ಮ ಪತ್ರ ಓದಿದ ಮೇಲೆ ಸರಿಸುಮಾರು ಇದೇ ಬೆಲೆಯ ಎರಡು ಪೊಟ್ಟಣಗಳನ್ನು ನಾನೂ ತಂದು, ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿ ನೋಡಿದೆ. ಅಗ್ಗದ ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿ ಹಂದಿ ಮಾಂಸದಿಂದ ಆರಂಭವಾದರೂ ಎರಡನೇ ಹೆಸರು ನೀರು, ಮೂರನೆಯದು ಸೋಯಾ ಪ್ರೋಟೀನ್, ಆಮೇಲೆ ಪಿಷ್ಟ, ಉಪ್ಪು, ಸಕ್ಕರೆ. ಪಟ್ಟಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿಯೇ ಬರೆಯಬೇಕೆಂಬುದು ಕಾನೂನು. ನೀರು ಎರಡನೇ ಸ್ಥಾನದಲ್ಲಿದೆ ಎಂದರೆ ಮಾಂಸವೊಂದನ್ನು ಬಿಟ್ಟು ಅದರಲ್ಲಿ ಮತ್ತಾವುದೂ ನೀರಿಗಿಂತ ಹೆಚ್ಚಿಲ್ಲ. ಹೋಳುಗಳೆಲ್ಲ ಅಚ್ಚಿನಿಂದ ತೆಗೆದಂತೆ ಒಂದೇ ಗುಂಡು, ಒಂದೇ ಬಣ್ಣ. ಎಳೆದರೆ ಎಲ್ಲಿ ಬೇಕಾದಲ್ಲಿ ಹರಿಯುತ್ತವೆ, ಮಾಂಸದ ಎಳೆ ಎಲ್ಲಿಯೂ ಕಾಣದು. ಪೊಟ್ಟಣದ ಮೂಲೆಯಲ್ಲಿ ಎರಡು ಚಮಚೆಯಷ್ಟು ನೀರು ನಿಂತಿತ್ತು. ಇನ್ನೊಂದರ ಹೋಳಿನಲ್ಲಿ ಅಂಚಿಗೆ ಕೊಬ್ಬಿನ ಬಿಳಿ ಗೆರೆಯಿತ್ತು, ಸ್ನಾಯುಗಳು ಕೂಡುವ ಸಂದು ಕಣ್ಣಿಗೆ ಕಾಣುತ್ತಿತ್ತು, ಹರಿದಾಗ ಎಳೆ ಹಿಡಿದೇ ಹರಿಯಿತು.

ಇದನ್ನು ಅಂಗಡಿಯಲ್ಲಿಯೇ, ಪೊಟ್ಟಣ ಬಿಚ್ಚದೆ ಪತ್ತೆ ಹಚ್ಚಲು ಪೋಷಕಾಂಶಗಳ ಕೋಷ್ಟಕ ಸಾಕು. ಕೊಬ್ಬು ಕಡಿಮೆ ಇರುವ ಹಸಿ ಹಂದಿ ಮಾಂಸದ 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ನಾನು ತಂದ ಅಗ್ಗದ ಪೊಟ್ಟಣದಲ್ಲಿ 12 ಗ್ರಾಂ, ಇನ್ನೊಂದರಲ್ಲಿ 19 ಗ್ರಾಂ ಎಂದು ಬರೆದಿತ್ತು. ನಿಮ್ಮ ದರಗಳಿಗೆ ಈ ಅಂಕಿಗಳನ್ನು ಹೊಂದಿಸಿ ಲೆಕ್ಕ ಹಾಕಿದರೆ 10 ಗ್ರಾಂ ಪ್ರೋಟೀನ್‌ಗೆ ಅಗ್ಗದ್ದರಲ್ಲಿ ಸುಮಾರು 77 ರೂಪಾಯಿ, ದುಬಾರಿಯದರಲ್ಲಿ ಸುಮಾರು 63 ರೂಪಾಯಿ ಬೀಳುತ್ತದೆ. ಅಗ್ಗದ ಪೊಟ್ಟಣದ ಪ್ರೋಟೀನ್‌ನಲ್ಲಿ ಸೋಯಾದ ಪಾಲೂ ಇರುವುದರಿಂದ ಮಾಂಸದ ಲೆಕ್ಕದಲ್ಲಿ ಅದು ಇನ್ನೂ ತುಟ್ಟಿ. ಹಾಲಿಗೆ ನೀರು ಬೆರೆಸಿದ ಗೌಳಿಯನ್ನು ನಾವು ಓಣಿಯಲ್ಲಿ ನಿಲ್ಲಿಸಿ ಕೇಳುತ್ತೇವೆ. ಇಲ್ಲಿ ನೀರು ಬೆರೆಸಿದ್ದನ್ನು ಅವರೇ ಸಣ್ಣ ಅಕ್ಷರಗಳಲ್ಲಿ ಒಪ್ಪಿಕೊಂಡು ಬರೆದಿದ್ದರೂ ನಾವು ಓದುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಬೀಗರ ಊಟಕ್ಕೆ ನನ್ನ ಸಲಹೆ 200 ಗ್ರಾಂನ ಎರಡನೇ ಪೊಟ್ಟಣದ ಕಡೆಗಿದೆ, ಆದರೆ ಅದರ ಹಿಂಬದಿಯ ಕೋಷ್ಟಕದಲ್ಲಿಯೂ ಪ್ರೋಟೀನ್ ನಾನು ತಂದ ದುಬಾರಿ ಪೊಟ್ಟಣದಂತೆ 19 ಗ್ರಾಂನ ಆಸುಪಾಸಿನಲ್ಲಿ ಇರಬೇಕು. ಇಟಲಿಯದನ್ನು ರುಚಿಗೆಂದು ಕೊಳ್ಳುವಿರಾದರೆ ಅದು ಪ್ರೊಶುಟ್ಟೊಗೆ ಹೆಸರಾದ ಪಾರ್ಮಾ ಪ್ರದೇಶದ್ದೇ ಎಂಬುದಕ್ಕೆ ಐದು ಮೊನೆಗಳ ಕಿರೀಟದ ಗುರುತನ್ನು ಹುಡುಕಿ. ಅದರ ಪದಾರ್ಥಗಳ ಪಟ್ಟಿಯಲ್ಲಿ ಹಂದಿ ಮಾಂಸ ಮತ್ತು ಉಪ್ಪು ಬಿಟ್ಟು ಬೇರೇನೂ ಇರಬಾರದು. ಸ್ಪೇನಿನ ಇಬೆರಿಕೊ ಹ್ಯಾಮ್‌ಗೆ 2014ರಿಂದ ಕಪ್ಪು, ಕೆಂಪು, ಹಸಿರು, ಬಿಳಿ ಎಂಬ ನಾಲ್ಕು ಬಣ್ಣದ ಚೀಟಿಗಳಿವೆ. ಕಪ್ಪು ಎಂದರೆ ಪೂರ್ಣ ಇಬೆರಿಕೊ ತಳಿಯ, ಓಕ್ ಕಾಯಿ ಮೇಯ್ದು ಬೆಳೆದ ಹಂದಿಯದು. ಬಿಳಿ ಎಂದರೆ ಕೊಟ್ಟಿಗೆಯಲ್ಲಿ ಮೇವು ತಿಂದು ಬೆಳೆದ ಹಂದಿಯದು. ಬಿಳಿ ಚೀಟಿಯದಕ್ಕೆ ಕಪ್ಪು ಚೀಟಿಯ ಬೆಲೆ ತೆರಬೇಕಾಗಿಲ್ಲ.

ಪ್ರಶ್ನೆ: ಹ್ಯಾಮ್ ಪೊಟ್ಟಣದ ಮೇಲೆ ಐಎನ್‌ಎಸ್ 250, 451, 407 ಎಂಬ ಸಂಖ್ಯೆಗಳಿವೆ. ಇವು ವಿಷವೆಂದು ನೆರೆಯವರು ಹೇಳುತ್ತಾರೆ. ನನಗೆ ರಕ್ತದೊತ್ತಡವಿದೆ, ಮೊಮ್ಮಕ್ಕಳಿಗೆ ಹ್ಯಾಮ್ ಬಹಳ ಇಷ್ಟ. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಗುರುಗಳೇ, ಐಎನ್‌ಎಸ್ ಎಂಬುದು ಆಹಾರಕ್ಕೆ ಬೆರೆಸುವ ಸಂಯೋಜಕಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯಾ ಪದ್ಧತಿ. ಮೂರೂ ಸಂಖ್ಯೆಗಳ ಕೆಲಸ ಬೇರೆ ಬೇರೆ. 451 ಎಂಬುದು ಫಾಸ್ಫೇಟ್, ಮಾಂಸ ನೀರನ್ನು ಹಿಡಿದಿಡುವಂತೆ ಮಾಡುತ್ತದೆ. 407 ಎಂಬುದು ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್, ಅದು ಆ ನೀರನ್ನು ಗಟ್ಟಿಯಾಗಿಸುತ್ತದೆ. ಇವೆರಡೂ ಜೊತೆಗಿದ್ದರೆ ಮೇಲಿನ ಉತ್ತರದ ನೀರಿನ ಕಥೆಯನ್ನು ನೆನೆಯಿರಿ. 250 ಎಂಬುದು ಸೋಡಿಯಂ ನೈಟ್ರೈಟ್. ಬೇಯಿಸಿದ ಮೇಲೂ ಹ್ಯಾಮ್ ಗುಲಾಬಿ ಬಣ್ಣದಲ್ಲಿ ಉಳಿಯುವುದು ಅದರಿಂದ, ಮತ್ತು ಬೊಟುಲಿಸಂ ಎಂಬ ಮಾರಕ ವಿಷಬಾಧೆಯ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದೂ ಅದೇ. ಆದ್ದರಿಂದ ಅದನ್ನು ಬರಿಯ ವಿಷವೆನ್ನಲು ನಾನು ಒಪ್ಪುವುದಿಲ್ಲ. ಆದರೆ ನಿಮ್ಮ ನೆರೆಯವರ ಆತಂಕಕ್ಕೆ ಆಧಾರವಿಲ್ಲವೆಂದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು, ಮತ್ತು ದಿನಕ್ಕೆ 50 ಗ್ರಾಂನಂತೆ ಪ್ರತಿದಿನ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂದು ಅಂದಾಜಿಸಿತು. ಹಬ್ಬಕ್ಕೊಮ್ಮೆ ತಿನ್ನುವುದಕ್ಕೂ ದಿನವೂ ಶಾಲೆಯ ಡಬ್ಬಿಗೆ ಹಾಕಿ ಕಳಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊಮ್ಮಕ್ಕಳಿಗೆ ಮೊದಲನೆಯದು ಸಾಕು.

ನಿಮ್ಮ ಮಟ್ಟಿಗೆ ಸಂಖ್ಯೆಗಳಿಗಿಂತ ಮುಖ್ಯವಾದದ್ದು ಸೋಡಿಯಂ ಸಾಲು. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. 100 ಗ್ರಾಂಗೆ 1000 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು ಎರಡೂವರೆ ಗ್ರಾಂ ಉಪ್ಪು, ಅಂದರೆ ವಯಸ್ಕರೊಬ್ಬರಿಗೆ ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 5 ಗ್ರಾಂ ಮಿತಿಯ ಅರ್ಧ. ಒಣಗಿಸಿದ ಹ್ಯಾಮ್‌ನಲ್ಲಿ ಇದರ ಎರಡರಷ್ಟೂ ಇರಬಹುದು. ರೊಟ್ಟಿ ಊಟದ ಜೊತೆಗಿನ ಉಪ್ಪಿನಕಾಯಿ, ಚಟ್ನಿಪುಡಿಗಳ ಉಪ್ಪನ್ನೂ ಅದಕ್ಕೆ ಕೂಡಿಸಿ ನೋಡಿ, ನಿಮ್ಮ ವೈದ್ಯರನ್ನು ಕೇಳಿಯೇ ಬಾಯಿಗಿಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಂದಿ ಮಾಂಸ ನಿಷಿದ್ಧ. ಕಂದು ಗುರುತು ನೋಡಿ ಕೋಳಿಯದೆಂದು ತಿಳಿದು ತಂದ ಹ್ಯಾಮ್ ಹಂದಿಯದಾಗಿತ್ತು. ಅಂಗಡಿಯವರು ಬದಲಿಸಿ ಕೊಡಲಿಲ್ಲ.
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ನಿಮ್ಮ ಮನೆಯವರಿಗಾದ ನೋವು ನನಗೆ ಅರ್ಥವಾಗುತ್ತದೆ. ಚೌಕದೊಳಗಿನ ಕಂದು ತ್ರಿಕೋನ ಹೇಳುವುದು ಪದಾರ್ಥ ಮಾಂಸಾಹಾರವೆಂಬುದನ್ನು ಮಾತ್ರ. ಯಾವ ಪ್ರಾಣಿಯದು ಎಂಬುದನ್ನು ಅದು ಹೇಳುವುದಿಲ್ಲ. ಕೋಳಿಯಿಂದ ಮಾಡಿದ ಹ್ಯಾಮ್ ಕೂಡ ಅದೇ ಫ್ರಿಜ್ಜಿನಲ್ಲಿ, ಅದೇ ಗುಲಾಬಿ ಬಣ್ಣದಲ್ಲಿ ಇರುತ್ತದೆ. ಪ್ರಾಣಿಯ ಹೆಸರನ್ನು ಪದಾರ್ಥಗಳ ಪಟ್ಟಿಯಲ್ಲಿಯೇ ಓದಬೇಕು, ಪೋರ್ಕ್ ಎಂದಿದ್ದರೆ ಹಂದಿ. ಪೊಟ್ಟಣದ ಮೇಲೆ ಸರಿಯಾಗಿ ಬರೆದಿದ್ದರೆ ಬದಲಿಸಿಕೊಡಿ ಎಂದು ಒತ್ತಾಯಿಸುವುದು ಕಷ್ಟ. ಆದರೆ ಕೋಳಿಯದೆಂಬ ಫಲಕದಡಿ ಹಂದಿಯದನ್ನು ಇಟ್ಟಿದ್ದರೆ, ಆ ಫಲಕದ ಚಿತ್ರ ಮತ್ತು ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.