ಚಳಿ ಜಾಸ್ತಿ ಇರುವ ಕಡೆ ಯೆಲ್ಲೋ ಟ್ರಾನ್ಸ್‌ಪರೆಂಟ್ ಸೇಬು ಬೆಳೆಯಬಹುದಾ?

ಚಳಿಗಾಲ ತೀರಾ ಕಟುವಾಗಿರುವ ಜಾಗಕ್ಕೆ ಯೆಲ್ಲೋ ಟ್ರಾನ್ಸ್‌ಪರೆಂಟ್ ಸೇಬು ಹೊಂದುತ್ತಾ, ಅದರ ಹಣ್ಣು ಬೇಗ ಹಿಟ್ಟುಹಿಟ್ಟಾಗುತ್ತೆ ಅನ್ನೋದು ನಿಜವಾ ಅಂತ ಕೇಳಿದ್ದೀರಿ. ಎರಡಕ್ಕೂ ಹೌದು. ಆದರೂ ಧಾರಾಳವಾಗಿ ಹಾಕಿ ಅಂತಲೇ ಹೇಳುತ್ತೇನೆ. ನಾನು ಬೆಳೆಸುವ ಸೇಬುಗಳಲ್ಲಿ ವರ್ಷದ ಮೊದಲ ಹಣ್ಣು ಕೊಡುವುದು ಇದೇ.

ಇದು ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದ ಕಡೆಯ ಹಳೇ ತಳಿ. ಚಳಿ ತಾಳುವ ಸೇಬು ಬೇಕು ಅಂತ ಅಮೆರಿಕದ ಕೃಷಿ ಇಲಾಖೆ 1870ರಲ್ಲಿ ಇದನ್ನು ರಷ್ಯಾದಿಂದ ತರಿಸಿಕೊಂಡಿತ್ತು. ಮೈನಸ್ 35 ಡಿಗ್ರಿಯಲ್ಲೂ ಮರ ಬದುಕುತ್ತದೆ. ಆದರೆ ಮರದ ಗಟ್ಟಿತನ ಹೂವಿಗಿಲ್ಲ. ಅರಳಿದ ಹೂವು ಮೈನಸ್ 2 ಡಿಗ್ರಿಗೇ ಕರಟಲು ಶುರುವಾಗುತ್ತದೆ, ಮೈನಸ್ 4ಕ್ಕೆ ಹೆಚ್ಚುಕಮ್ಮಿ ಎಲ್ಲಾ ಹೋಗುತ್ತದೆ. ಇದು ಹೂ ಬಿಡುವುದೂ ಬೇಗ. ಹಾಗಾಗಿ ತಣ್ಣನೆ ಗಾಳಿ ಬಂದು ನಿಲ್ಲುವ ತಗ್ಗು ಬೇಡ, ಸ್ವಲ್ಪ ಇಳಿಜಾರಿನಲ್ಲಿ ನೆಡಿ. ಬೀಜ ಹಾಕಿದರೆ ಇದೇ ತಳಿ ಬರಲ್ಲ, ಕಸಿ ಗಿಡವೇ ಬೇಕು. ಕಸಿ ಗಂಟು ಮಣ್ಣಿನ ಮೇಲಿರಲಿ. ಜೊತೆಗೆ ಅದೇ ಸಮಯಕ್ಕೆ ಹೂ ಬಿಡುವ ಇನ್ನೊಂದು ಸೇಬಿನ ತಳಿ ಹತ್ತಿರದಲ್ಲಿ ಇರಲೇಬೇಕು, ಇಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ.

ಈಗ ಹಿಟ್ಟಾಗುವ ವಿಷಯ. ಎಲ್ಲಾ ಇರುವುದು ಕೊಯ್ಯುವ ಹೊತ್ತಿನಲ್ಲಿ. ಕಾಯಿಯ ಹಸಿರು ತೆಳುವಾಗಿ, ತಿಳಿ ಹಳದಿ ಇಣುಕಿದ ಕೂಡಲೇ ಕಿತ್ತುಬಿಡಿ. ಮೇಣದ ಹಾಗೆ ಬಿಳಿಚಿಕೊಳ್ಳುವವರೆಗೆ ಕಾದರೆ ಮರದ ಮೇಲೇ ಹಿಟ್ಟಾಗಿರುತ್ತದೆ. ಬೀಜ ಕಂದಾಗಲಿ ಅಂತ ಕಾಯಬೇಡಿ. ಬೇಗ ಹಣ್ಣಾಗುವ ತಳಿಗಳಲ್ಲಿ ಬೀಜ ಪೂರ್ತಿ ಕಂದಾಗುವ ಮೊದಲೇ ಹಣ್ಣು ತಯಾರಿರಬಹುದು. ಹಣ್ಣನ್ನು ಅಂಗೈಯಲ್ಲಿ ಹಿಡಿದು ಸುಮ್ನೆ ಮೇಲಕ್ಕೆತ್ತಿ ತಿರುವಿ, ತೊಟ್ಟು ಸಲೀಸಾಗಿ ಕಳಚಿಕೊಂಡರೆ ಸಾಕು. ಬೆರಳು ಒತ್ತಬೇಡಿ. ಸಿಪ್ಪೆ ಎಷ್ಟು ತೆಳು ಅಂದರೆ ಒತ್ತಿದ ಗುರುತು ಸ್ವಲ್ಪ ಹೊತ್ತಿನಲ್ಲೇ ಕಂದಾಗುತ್ತದೆ. ಎಲ್ಲಾ ಒಟ್ಟಿಗೆ ಹಣ್ಣಾಗುವುದಿಲ್ಲ, ದಿನ ಬಿಟ್ಟು ದಿನ ಮರದ ಹತ್ತಿರ ಹೋಗಬೇಕು. ತಿಂಗಳುಗಟ್ಟಲೆ ಇಡುವ ಹಣ್ಣು ಬೇಕಿದ್ದರೆ ಬೇರೆ ತಳಿ ನೋಡಿ. ಇದರ ಹುಳಿ ತಿರುಳು ಬಿಸಿ ತಾಗಿದ ಕೂಡಲೇ ಕರಗುತ್ತದೆ, ಸಾಸ್ ಮಾಡಲು ಇಷ್ಟು ಒಳ್ಳೆಯ ಸೇಬು ನಾನು ಕಂಡಿಲ್ಲ. ಸಾಸ್ ಮಾಡಿ ಫ್ರೀಜ್ ಮಾಡಿಟ್ಟರೆ ವರ್ಷವಿಡೀ ಆಯಿತು.

ಒಂದು ವರ್ಷ ಕೊಂಬೆ ಬಗ್ಗುವಷ್ಟು ಕಾಯಿ, ಮರುವರ್ಷ ಏನೂ ಇಲ್ಲ ಅನ್ನುವ ಚಾಳಿ ಇದಕ್ಕಿದೆ. ಮುಂದಿನ ವರ್ಷದ ಹೂಮೊಗ್ಗು ಈ ವರ್ಷದ ಬೇಸಿಗೆಯಲ್ಲೇ ಕಟ್ಟುತ್ತದೆ, ಕಾಯಿಯೊಳಗೆ ಬೆಳೆಯುವ ಬೀಜಗಳಿಂದ ಬರುವ ಹಾರ್ಮೋನು ಅದನ್ನು ತಡೆಯುತ್ತದೆ. ಅದಕ್ಕೇ ಹೂ ಉದುರಿ ನಾಲ್ಕೈದು ವಾರದೊಳಗೆ ಗೊಂಚಲಿಗೆ ಒಂದೇ ಹೀಚು ಉಳಿಸಿ ಉಳಿದದ್ದು ಕಿತ್ತುಹಾಕಿ. ಕೈ ಬರುವುದಿಲ್ಲ ಅಲ್ವಾ, ಆದರೂ ಕೀಳಬೇಕು.

ಸಾರಜನಕದ ಗೊಬ್ಬರ ಜಾಸ್ತಿ ಹಾಕಬೇಡಿ. ಎಳೆ ಚಿಗುರು ಹೆಚ್ಚಾದಷ್ಟೂ ಫೈರ್ ಬ್ಲೈಟ್ ಅನ್ನುವ ಬ್ಯಾಕ್ಟೀರಿಯಾ ರೋಗ ಸುಲಭವಾಗಿ ಹಿಡಿಯುತ್ತದೆ, ಈ ತಳಿಗೆ ಅದರ ಕಾಟ ಹೆಚ್ಚು. ಚಿಗುರಿನ ತುದಿ ಸುಟ್ಟ ಹಾಗೆ ಕಪ್ಪಾಗಿ ಕೊಕ್ಕೆಯಂತೆ ಬಾಗಿದ್ದು ಕಂಡರೆ, ಒಣಹವೆ ಇರುವ ದಿನ ರೋಗ ಕಾಣುವ ಜಾಗದಿಂದ 30 ಸೆಂಟಿಮೀಟರ್ ಕೆಳಗೆ ಕತ್ತರಿಸಿ. ಪ್ರತಿ ಸಲವೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕತ್ತರಿಸಿದ್ದನ್ನು ತೋಟದಲ್ಲಿ ಬಿಡಬೇಡಿ.